ಹವಳದ ತೊಟ್ಟಿಯ ನೀರು: ಹೋಗುವುದಾವುದು, ಉಳಿಯುವುದಾವುದು

ನವರತ್ನಗಳ ಎಣಿಕೆಯಲ್ಲಿ ಹವಳಕ್ಕೆ ಸ್ಥಾನವುಂಟು. ಹಳಗನ್ನಡದಲ್ಲಿ 'ಪವಳ'ವೆನಿಸಿದ್ದುದು, ಪಕಾರವು ಹಕಾರವಾಗುವ ನಿಯಮಕ್ಕೆ ಒಳಪಟ್ಟು 'ಹವಳ'ವಾಯಿತು. ಸಂಸ್ಕೃತದಲ್ಲಿ ಇದಕ್ಕೆ ವಿದ್ರುಮ, ಪ್ರವಾಳ ಎಂಬ ಹೆಸರುಗಳಿವೆ. 'ದ್ರುಮ'ವೆಂದರೆ ಮರ, 'ಪ್ರವಾಳ'ಕ್ಕೆ ಚಿಗುರೆಂಬ ಅರ್ಥವೂ ಉಂಟು. ಪೂರ್ವಿಕರ ಕಣ್ಣಿಗೆ ಹವಳವು ಸಮುದ್ರದೊಳಗಿನ ಕೊಂಬೆಯಂತೆ, ಕೆಂದಳಿರಿನಂತೆ ಕಂಡಿತೆಂಬುದಕ್ಕೆ ಈ ಶಬ್ದಗಳೇ ಸಾಕ್ಷಿ. ವಸ್ತುಸ್ಥಿತಿಯಾದರೋ ಬೇರೆ. ಹವಳವು ಮರವೂ ಅಲ್ಲ, ಕಲ್ಲೂ ಅಲ್ಲ. ಅದು ಒಂದು ಪ್ರಾಣಿ. ಉಂಗುರಕ್ಕೆ ಕೂರಿಸುವ ಕೆಂಪು ಹವಳದ ಜಾತಿ ಬೇರೆ, ಸಮುದ್ರದಲ್ಲಿ ದಿಬ್ಬಗಳನ್ನು ಕಟ್ಟುವ ಹವಳದ ಜಾತಿ ಬೇರೆ. ಈ ಎರಡನೆಯ ಜಾತಿಯ ಸಣ್ಣ ಜೀವಿಗಳು ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ, ತಮ್ಮ ಸುತ್ತ ಗಟ್ಟಿ ಗೂಡು ಕಟ್ಟುತ್ತವೆ. ತಲೆಮಾರುಗಳ ಗೂಡುಗಳು ಒಂದರ ಮೇಲೊಂದು ಬೆಳೆದು ಹವಳದ ದಿಬ್ಬವಾಗುತ್ತದೆ.

ಸಮುದ್ರದಿಂದ ಬಹುದೂರದ ಬಳ್ಳಾರಿಯಂಥ ಬಯಲುಸೀಮೆಯ ಊರಿನಲ್ಲಿ ಹವಳದ ಮಾತೇಕೆ ಎಂದು ವಾಚಕರು ಕೇಳಬಹುದು. ಕಾರಣಗಳು ಎರಡು. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಸಮುದ್ರದ ಜೀವಿಗಳನ್ನು ಸಾಕುವ ಹವ್ಯಾಸವು ಇಂದು ಒಳನಾಡಿನ ನಗರಗಳಿಗೂ ಬಂದಿದೆ. ಅದರಲ್ಲಿ ತೊಡಗುವವರಿಗೆ ಮೀನಿನ ಜ್ಞಾನಕ್ಕಿಂತ ಮೊದಲು ನೀರಿನ ಜ್ಞಾನ ಬೇಕು. ಎರಡನೆಯದು ಇನ್ನೂ ಮುಖ್ಯ. ಈ ತೊಟ್ಟಿಯ ನೀರನ್ನು ಆಳುವ ನಿಯಮವೇ ಸಿರುಗುಪ್ಪದ ಗದ್ದೆಯ ನೀರನ್ನೂ ಆಳುತ್ತದೆ. ತೊಟ್ಟಿಯಲ್ಲಿ ವಾರದೊಳಗೆ ಕಾಣುವುದು ಹೊಲದಲ್ಲಿ ವರ್ಷಗಳ ಮೇಲೆ ಕಾಣುತ್ತದೆ. ಆದಕಾರಣ ಇದು ಕೇವಲ ಹವ್ಯಾಸಿಗಳ ವಿಷಯವಲ್ಲ. ಅಧ್ಯಾಪಕರು ಮಕ್ಕಳ ಕಣ್ಣೆದುರಿಗೇ ಇಟ್ಟು ಬೋಧಿಸಬಹುದಾದ ಒಂದು ಪಾಠ.

ಮೊದಲು ಕಾನೂನಿನ ಮಾತು

ವಿಷಯಕ್ಕೆ ತೊಡಗುವ ಮುನ್ನ ಒಂದು ಎಚ್ಚರಿಕೆ ಅಗತ್ಯ. ಕಚ್ಛ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್‌ಗಳು ಭಾರತದ ಪ್ರಮುಖ ಹವಳದ ನೆಲೆಗಳು. ನಮ್ಮ ರಾಜ್ಯದಲ್ಲಿಯೂ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳೂ ಸೇರಿದವು. ಹುಲಿ ಆನೆಗಳಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ನಮ್ಮ ಕಡಲಿನಿಂದ ಅದನ್ನು ಕೀಳುವುದು, ಮಾರುವುದು, ಕೊಳ್ಳುವುದು ಅಪರಾಧ. ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶೀ ಜೀವಿಗಳನ್ನು ಇರಿಸಿಕೊಳ್ಳುವವರಿಗೂ 2022ರ ತಿದ್ದುಪಡಿಯು ನೋಂದಣಿಯ ನಿಯಮವನ್ನು ವಿಧಿಸಿದೆ. ಅಂಗಡಿಯವನ ಭರವಸೆಯನ್ನು ನಂಬಿ ಕೊಳ್ಳುವ ಬದಲು ಅರಣ್ಯ ಇಲಾಖೆಯನ್ನು ವಿಚಾರಿಸಿ ಮುಂದುವರಿಯುವುದು ಕ್ಷೇಮ.

ಹಾಗಾದರೆ ತೊಟ್ಟಿಯಲ್ಲಿ ಉಳಿಯುವುದೇನು? ಕೃತಕ ಬಂಡೆ, ನಿಯಮಕ್ಕೆ ಒಳಪಟ್ಟ ಮೀನು, ಶಂಖದ ಹುಳು, ಸೀಗಡಿ, ಮತ್ತು ಬಂಡೆಯ ಮೇಲೆ ತಾನಾಗಿ ಹಬ್ಬುವ, ಸುಣ್ಣಗಟ್ಟುವ ಗುಲಾಬಿ ಬಣ್ಣದ ಪಾಚಿ. ಕಲ್ಲುಹವಳವಿಲ್ಲದಿದ್ದರೂ ಇದು ದಿಬ್ಬದ ನೀರಿನದೇ ಪ್ರತಿರೂಪ. ನೀರಿನ ಗಣಿತವೂ ಅದೇ.

ಪೂರ್ವವೃತ್ತಾಂತ

ಗಾಜಿನ ತೊಟ್ಟಿಯಲ್ಲಿ ಜಲಚರಗಳನ್ನು ಶಾಸ್ತ್ರೀಯವಾಗಿ ಸಾಕುವ ಪ್ರಯತ್ನ ಹತ್ತೊಂಬತ್ತನೆಯ ಶತಮಾನದ ನಡುವಿನದು. 1850ರ ಸುಮಾರಿಗೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, ಪ್ರಾಣಿ ಮತ್ತು ಸಸ್ಯಗಳನ್ನು ಒಂದೇ ತೊಟ್ಟಿಯಲ್ಲಿಟ್ಟು, ಒಂದರ ಉಸಿರು ಮತ್ತೊಂದಕ್ಕೆ ಆಹಾರವಾಗುವ ಸಮತೋಲವನ್ನು ತೋರಿಸಿದನು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಆದರೆ ಹವಳವು ತೊಟ್ಟಿಯಲ್ಲಿ ಬದುಕಲು ನೂರು ವರ್ಷ ಕಾಯಬೇಕಾಯಿತು. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬವರು, ಜೀವಾಣುಗಳಿಂದ ತುಂಬಿದ ಸಮುದ್ರದ ಬಂಡೆಯನ್ನೇ ತೊಟ್ಟಿಯಲ್ಲಿಟ್ಟು ಹವಳವನ್ನು ಬದುಕಿಸಿದ ಕ್ರಮವನ್ನು ಬರೆದು ಪ್ರಕಟಿಸಿದರು. 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಎಂಬವರು ಸುಣ್ಣದ ತಿಳಿನೀರಿನ ಬಳಕೆಯನ್ನು ಪ್ರಚಾರಕ್ಕೆ ತಂದರು. ನಮ್ಮ ಮನೆಗಳಲ್ಲಿ ಎಲೆಯಡಿಕೆಗೆ ಬಳಸುವ ಸುಣ್ಣದ ಒಡಹುಟ್ಟೇ ಹೀಗೆ ಹವಳದ ಆಹಾರವಾಯಿತು.

ಸಮುದ್ರದ ಉಪ್ಪು, ಅಡುಗೆಯ ಉಪ್ಪು

ಸಮುದ್ರದ ನೀರಿನ ಒಂದು ಕಿಲೋಗ್ರಾಮಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. 1872ರಿಂದ 1876ರವರೆಗೆ ಲೋಕದ ಸಮುದ್ರಗಳನ್ನು ಸುತ್ತಿದ 'ಚಾಲೆಂಜರ್' ಹಡಗು ತಂದ 77 ಮಾದರಿಗಳನ್ನು ವಿಲಿಯಂ ಡಿಟ್‌ಮಾರ್ ಎಂಬ ವಿದ್ವಾಂಸನು ಪರೀಕ್ಷಿಸಿ, 1884ರಲ್ಲಿ ಒಂದು ಮಹತ್ವದ ಸಂಗತಿಯನ್ನು ದೃಢಪಡಿಸಿದನು. ಉಪ್ಪಿನ ಒಟ್ಟು ಮೊತ್ತ ಒಂದು ಕಡಲಿಗೂ ಇನ್ನೊಂದಕ್ಕೂ ತುಸು ವ್ಯತ್ಯಾಸವಾದರೂ, ಪ್ರಧಾನ ಲವಣಗಳ ಪರಸ್ಪರ ಪ್ರಮಾಣವು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಕೋಟ್ಯಂತರ ವರ್ಷಗಳಿಂದ ಇಂಥ ಸ್ಥಿರ ನೀರಿಗೆ ಒಗ್ಗಿದ ಜೀವಿಗೆ ಚಂಚಲತೆಯನ್ನು ತಾಳುವ ಶಕ್ತಿ ಬೆಳೆದಿಲ್ಲ. ನಮ್ಮ ಕೆರೆಯ ಮೀನು ಮಳೆಗಾಲ ಬೇಸಿಗೆಗಳ ಏರಿಳಿತವನ್ನು ಸಹಿಸುತ್ತದೆ. ದಿಬ್ಬದ ಜೀವಿ ಸಹಿಸದು.

ಅಡುಗೆಯ ಉಪ್ಪನ್ನು ನೀರಿಗೆ ಹಾಕಿದರೆ ಸಮುದ್ರವಾಗದೇ ಎಂಬ ಪ್ರಶ್ನೆ ಸಹಜ. ಆಗದು. ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಉಪ್ಪಿನ ಆಗರಗಳಲ್ಲಿ ಕಡಲ ನೀರು ಬಿಸಿಲಿಗೆ ಇಂಗುವಾಗ ಮೊದಲು ಸುಣ್ಣದ ಲವಣಗಳು ತಳಕ್ಕಿಳಿಯುತ್ತವೆ. ಅನಂತರ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ ಬಹುಭಾಗ ಕಹಿಯಾದ ಉಳಿಕೆ ನೀರಿನಲ್ಲಿಯೇ ನಿಲ್ಲುತ್ತದೆ. ಹೀಗೆ ಬೇರ್ಪಟ್ಟ ಒಂದು ಅಂಶವನ್ನು ಮರಳಿ ಕರಗಿಸಿದರೆ ಸಮುದ್ರವು ಹುಟ್ಟದು. ತೊಟ್ಟಿಗೆಂದೇ ಸಿದ್ಧಪಡಿಸಿದ, ಎಲ್ಲ ಲವಣಗಳೂ ಪ್ರಮಾಣದಲ್ಲಿರುವ ಮಿಶ್ರಣವನ್ನೇ ಬಳಸಬೇಕು.

ಬಳ್ಳಾರಿಯ ನೀರು

ಉಪ್ಪು ಸರಿಯಾಗಿದ್ದು ನೀರು ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಬಳ್ಳಾರಿ ನಗರದ ನಲ್ಲಿಯಲ್ಲಿ ಬರುವುದು ಕಾಲುವೆಯ ಮೂಲಕ ಬಂದ ತುಂಗಭದ್ರೆಯ ನೀರು. ಅದರಲ್ಲಿ ಶುದ್ಧೀಕರಣಕ್ಕೆ ಬೆರೆಸಿದ ಕ್ಲೋರಿನ್ ಇರುತ್ತದೆ. ಕ್ಲೋರಿನ್ ರೋಗಾಣುಗಳನ್ನು ಕೊಲ್ಲುವಂತೆಯೇ, ತೊಟ್ಟಿಗೆ ಬೇಕಾದ ಉಪಕಾರಿ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ. ಕೊಳವೆಬಾವಿಯ ನೀರಾದರೋ ಈ ಸೀಮೆಯಲ್ಲಿ ಬಹುಕಡೆ ಗಡಸು. ಕೆಲವೆಡೆ ಫ್ಲೋರೈಡ್ ಸಹ ಅಧಿಕ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡಿಗೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಾಗ 1.5 ಮಿಲಿಗ್ರಾಂ ಮಿತಿಯಿದೆ. ನೈಟ್ರೇಟಿಗೆ 45 ಮಿಲಿಗ್ರಾಂ. ಮನುಷ್ಯನು ಕುಡಿಯಬಹುದಾದ 45 ಮಿಲಿಗ್ರಾಂ ನೈಟ್ರೇಟು ಹವಳದ ತೊಟ್ಟಿಗೆ ಅತಿಯಾದ ಪ್ರಮಾಣ. ಆದಕಾರಣ ಆರ್.ಓ. ಯಂತ್ರದಲ್ಲಿ ಸೋಸಿದ, ಬಹುತೇಕ ಲವಣರಹಿತವಾದ ನೀರಿನಿಂದಲೇ ಆರಂಭಿಸಬೇಕು.

ಇನ್ನೊಂದು ಸೂಕ್ಷ್ಮ. ತಾಮ್ರದ ಹಂಡೆ, ಹಿತ್ತಾಳೆಯ ಕೊಡಗಳಲ್ಲಿ ತೊಟ್ಟಿಯ ನೀರನ್ನು ಶೇಖರಿಸಲಾಗದು. ನಮಗೆ ಹಿತವಾದ ತಾಮ್ರ, ಬೆನ್ನೆಲುಬಿಲ್ಲದ ಜಲಜೀವಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ವಿಷ. ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಪಾತ್ರೆಯೇ ಇಲ್ಲಿ ಉತ್ತಮ.

ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ

ಈಗ ಲೇಖನದ ಕೇಂದ್ರವಿಷಯಕ್ಕೆ ಬರೋಣ. 200 ಲೀಟರ್ ತೊಟ್ಟಿಯೊಂದರಲ್ಲಿ ಲೀಟರಿಗೆ 35 ಗ್ರಾಮಿನಂತೆ 7,000 ಗ್ರಾಂ ಉಪ್ಪು ಇದೆಯೆಂದು ಭಾವಿಸೋಣ. ಬಳ್ಳಾರಿಯ ಒಣ ಬೇಸಿಗೆಯಲ್ಲಿ ದಿನಕ್ಕೆ 4 ಲೀಟರ್ ಆವಿಯಾದರೆ, ನಾಲ್ಕು ದಿನಗಳಲ್ಲಿ 16 ಲೀಟರ್ ಹೋಯಿತು. ಉಪ್ಪು ಒಂದು ಗ್ರಾಮೂ ಹೋಗಲಿಲ್ಲ. ಉಳಿದ 184 ಲೀಟರಿನಲ್ಲಿ 7,000 ಗ್ರಾಂ. ಅಂದರೆ ಲೀಟರಿಗೆ 38 ಗ್ರಾಂ. ಈಗ ಮನೆಯವರು ತೊಟ್ಟಿ ಬರಿದಾಯಿತೆಂದು ಉಪ್ಪುನೀರನ್ನೇ ಕಲಸಿ 16 ಲೀಟರ್ ತುಂಬಿದರೆನ್ನಿ. 560 ಗ್ರಾಂ ಹೊಸ ಉಪ್ಪು ಕೂಡಿ, 200 ಲೀಟರಿಗೆ 7,560 ಗ್ರಾಂ ಆಯಿತು, ಲೀಟರಿಗೆ 37.8 ಗ್ರಾಂ. ನೀರಿನ ಮಟ್ಟ ಮೊದಲಿನಂತೆಯೇ ಕಾಣುತ್ತದೆ. ಉಪ್ಪು ಮಾತ್ರ ಏರಿದೆ. ಇದನ್ನೇ ವಾರವಾರವೂ ಮಾಡಿದರೆ ತೊಟ್ಟಿಯು ಉಪ್ಪಿನ ಆಗರವಾಗುವುದರಲ್ಲಿ ಸಂಶಯವಿಲ್ಲ. ಆದ್ದರಿಂದ ಮೊದಲನೆಯ ಸೂತ್ರ: ಆವಿಯಾದ ನೀರಿನ ಸ್ಥಾನಕ್ಕೆ ಸಿಹಿನೀರನ್ನೇ ತುಂಬಬೇಕು; ಅದನ್ನೂ ವಾರಕ್ಕೊಮ್ಮೆ ಒಮ್ಮೆಲೇ ಅಲ್ಲ, ದಿನದಿನವೂ ಸ್ವಲ್ಪಸ್ವಲ್ಪವಾಗಿ.

ಬೇಸಿಗೆಯಲ್ಲಿ ಇದು ಇನ್ನೂ ಗಹನವಾಗುತ್ತದೆ. ನಮ್ಮಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವ ದಿನಗಳಿವೆ. ತೊಟ್ಟಿಯ ನೀರು 25ರಿಂದ 27 ಡಿಗ್ರಿಯೊಳಗೆ ಇರಬೇಕು. ಸಮುದ್ರದಲ್ಲಿಯೇ ನೀರು ವಾಡಿಕೆಯ ಬೇಸಿಗೆಯ ಗರಿಷ್ಠಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತವೆ. ನೀರಿನ ಮೇಲೆ ಸಣ್ಣ ಫ್ಯಾನು ಬೀಸಿದರೆ ಮಣ್ಣಿನ ಹೂಜಿಯಲ್ಲಿ ನಡೆಯುವ ಕ್ರಿಯೆಯೇ ಇಲ್ಲಿಯೂ ನಡೆಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಹೀರುವ ಶಾಖವು, ಹೊರಗಿನ ಶಾಖ ಒಳಬರದಿದ್ದರೆ, 200 ಲೀಟರ್ ನೀರನ್ನು ಸುಮಾರು 3 ಡಿಗ್ರಿ ತಂಪಾಗಿಸಬಲ್ಲದು. ಗಾಳಿ ಒಣಗಿರುವ ನಮ್ಮ ಸೀಮೆಯಲ್ಲಿ ಈ ಉಪಾಯವು ಕರಾವಳಿಗಿಂತ ಹೆಚ್ಚು ಫಲಿಸುತ್ತದೆ. ಆದರೆ ತಂಪಿಗೆ ತೆರುವ ಬೆಲೆ ಆವಿ. ಆವಿಗೆ ತೆರುವ ಬೆಲೆ ಉಪ್ಪಿನ ಏರಿಕೆ. ಒಂದನ್ನು ಸರಿಪಡಿಸುವಾಗ ಇನ್ನೊಂದರ ಮೇಲೆ ಕಣ್ಣಿಡಬೇಕು.

ಗದ್ದೆಯೆಂಬ ದೊಡ್ಡ ತೊಟ್ಟಿ

ಇದೇ ಲೆಕ್ಕವನ್ನು ತೊಟ್ಟಿಯಿಂದ ಹೊಲಕ್ಕೆ ಒಯ್ಯೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಬಳಕೆಗೆ ಬಂದ ಮೇಲೆ ಕಾಲುವೆಯ ನೀರು ಈ ಸೀಮೆಯ ಎರೆಭೂಮಿಗೆ ಹರಿಯಿತು. ಸಿರುಗುಪ್ಪವು ಭತ್ತದ ನಾಡೆನಿಸಿತು. ಒಂದು ಎಕರೆಗೆ ಒಂದು ಮೀಟರ್ ಆಳದಷ್ಟು ನೀರೆಂದರೆ ಸುಮಾರು 40 ಲಕ್ಷ ಲೀಟರ್. ಸಿಹಿಯೆನಿಸುವ ನೀರಿನಲ್ಲಿಯೂ ಲೀಟರಿಗೆ 200 ಮಿಲಿಗ್ರಾಂ ಲವಣವಿದೆಯೆಂದು ಇಟ್ಟುಕೊಂಡರೆ, ಒಂದು ಎಕರೆಗೆ 800 ಕಿಲೋಗ್ರಾಂ ಲವಣ ಬಂದಿಳಿಯುತ್ತದೆ. ನೀರನ್ನು ಬೆಳೆ ಕುಡಿಯಿತು, ಬಿಸಿಲು ಕುಡಿಯಿತು; ಲವಣವನ್ನು ಯಾರೂ ಕುಡಿಯಲಿಲ್ಲ. ಇದರ ಜೊತೆಗೆ, ಎರೆಮಣ್ಣಿನಲ್ಲಿ ನೀರು ಬೇಗ ಬಸಿದುಹೋಗದ ಕಾರಣ ಅಂತರ್ಜಲದ ಮಟ್ಟ ಮೇಲೇರಿ, ಮಣ್ಣಿನ ಆಳದಲ್ಲಿ ಮೊದಲೇ ಇದ್ದ ಲವಣವನ್ನೂ ದೀಪದ ಬತ್ತಿಯು ಎಣ್ಣೆಯನ್ನು ಏರಿಸುವಂತೆ ಮೇಲಕ್ಕೆ ತರುತ್ತದೆ. ಹೀಗೆ ಹೊಲವು ಸವಳು-ಜವಳಾಗುತ್ತದೆ.

ರೈತನು ಹೆಚ್ಚು ನೀರು ಕೊಟ್ಟರೆ ಉಪ್ಪು ತೊಳೆದುಹೋಗುವುದೆಂದು ಭಾವಿಸುವುದುಂಟು. ಹೊರಹೋಗುವ ದಾರಿಯಿದ್ದರೆ ಮಾತ್ರ ಅದು ನಿಜ. ಬಸಿಗಾಲುವೆಯಿಲ್ಲದ ಹೊಲಕ್ಕೆ ನೀರು ಹಾಯಿಸುವುದು, ಹಳೆಯ ನೀರನ್ನು ತೆಗೆಯದೆ ಹೊಸ ಉಪ್ಪುನೀರನ್ನು ತುಂಬಿದ ತೊಟ್ಟಿಯಂತೆಯೇ. ಸಿರುಗುಪ್ಪದಲ್ಲಿಯೂ ನೆರೆಯ ಗಂಗಾವತಿಯಲ್ಲಿಯೂ ಕೃಷಿ ಸಂಶೋಧನಾ ಕೇಂದ್ರಗಳಿವೆ. ಗಂಗಾವತಿಯ ಕೇಂದ್ರವು ಲವಣಪೀಡಿತ ಭೂಮಿಯ ಸುಧಾರಣೆಯ ಮೇಲೆಯೇ ಅಧ್ಯಯನ ನಡೆಸುತ್ತ ಬಂದಿದೆ. ಬಸಿಗಾಲುವೆ ತೆಗೆಯುವುದು, ಮಣ್ಣನ್ನು ಪರೀಕ್ಷಿಸುವುದು, ಮಿತವಾಗಿ ನೀರುಣಿಸುವುದು: ಗದ್ದೆಗೆ ಹೇಳುವ ಈ ಮೂರು ಮಾತುಗಳೇ ತೊಟ್ಟಿಗೂ ಸಲ್ಲುತ್ತವೆ.

ಕರಗುವ ಸುಣ್ಣ, ಗಟ್ಟಿಯಾಗುವ ಸುಣ್ಣ

ಉಪ್ಪು ಉಳಿಯುವ ವಸ್ತುವಾದರೆ, ಸುಣ್ಣದ ಅಂಶವು ನೀರಿನಿಂದ ಹೋಗುವ ವಸ್ತು. ಕಲ್ಲುಹವಳ, ಶಂಖದ ಹುಳು, ಗುಲಾಬಿ ಪಾಚಿ ಇವೆಲ್ಲವೂ ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟುಗಳನ್ನು ಕೂಡಿಸಿ ಗಟ್ಟಿ ಸುಣ್ಣವನ್ನಾಗಿಸುತ್ತವೆ. ಲೀಟರಿಗೆ ಕ್ಯಾಲ್ಸಿಯಂ 400ರಿಂದ 450 ಮಿಲಿಗ್ರಾಂ, ಮೆಗ್ನೀಸಿಯಂ 1,250ರಿಂದ 1,350 ಮಿಲಿಗ್ರಾಂ, ಕ್ಷಾರೀಯತೆ 8ರಿಂದ 9 ಡಿಗ್ರಿ ಕೆ.ಎಚ್. ಇರುವಂತೆ ಕಾಯ್ದುಕೊಳ್ಳುವುದು ರೂಢಿ. ಕ್ಷಾರೀಯತೆ ಎಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ. ಮನೆಯ ಕಣಜದಂತೆ ಅದೊಂದು ಸಂಗ್ರಹ. ಪಿ.ಎಚ್. ಎಂಬುದು ಆ ಗಳಿಗೆಯ ಆಮ್ಲ-ಕ್ಷಾರ ಸ್ಥಿತಿ. ಎರಡನ್ನೂ ಒಂದೆಂದು ತಿಳಿಯಬಾರದು.

ಕ್ಷಾರೀಯತೆಯು 2.8 ಡಿಗ್ರಿ ಇಳಿದಾಗ ಕ್ಯಾಲ್ಸಿಯಂ ಲೀಟರಿಗೆ ಸುಮಾರು 20 ಮಿಲಿಗ್ರಾಂ ಇಳಿಯುತ್ತದೆ. 420ರಲ್ಲಿ 20 ಇಳಿದರೆ ಅಲ್ಪ, 8ರಲ್ಲಿ 2.8 ಇಳಿದರೆ ಮೂರನೆಯ ಒಂದು ಭಾಗವೇ ಹೋದಂತೆ. ಆದ್ದರಿಂದ ಮೊದಲು ಬರಿದಾಗುವುದು ಕ್ಷಾರೀಯತೆ. ಮೊದಲು ಅಳೆಯಬೇಕಾದುದೂ ಅದನ್ನೇ. ಮೆಗ್ನೀಸಿಯಂ ಕಡಿಮೆಯಾದರೆ ಸುಣ್ಣವು ಜೀವಿಗಳಿಗೆ ದಕ್ಕದೆ, ಪಂಪಿನ ಮೇಲೆ, ಗಾಜಿನ ಮೇಲೆ ತಾನೇ ಗಟ್ಟಿಯಾಗತೊಡಗುತ್ತದೆ.

ಕಳೆದುದನ್ನು ತುಂಬಲು ಸುಣ್ಣದ ತಿಳಿನೀರು ಪ್ರಸಿದ್ಧ ಉಪಾಯ. ಶಾಲೆಯಲ್ಲಿ ಸುಣ್ಣದ ತಿಳಿಗೆ ಉಸಿರೂದಿ ಅದು ಹಾಲಿನಂತಾಗುವುದನ್ನು ನೋಡದವರಿಲ್ಲ. ಉಸಿರಿನ ಇಂಗಾಲದ ಡೈಆಕ್ಸೈಡ್ ಅಲ್ಲಿ ಸುಣ್ಣವನ್ನು ಗಟ್ಟಿಯಾಗಿಸುತ್ತದೆ. ಆ ತಿಳಿಯನ್ನೇ, ಆವಿಯಾದ ನೀರಿನ ಬದಲಿಗೆ, ಹನಿಹನಿಯಾಗಿ ತೊಟ್ಟಿಗೆ ಬಿಡಬೇಕು. ಇದರ ಪಿ.ಎಚ್. 12ಕ್ಕೂ ಮಿಗಿಲು, ಒಮ್ಮೆಲೇ ಸುರಿದರೆ ಜೀವಿಗಳು ಸಾಯುತ್ತವೆ, ಕಣ್ಣಿಗೆ ಸಿಡಿದರೆ ಕಣ್ಣಿಗೂ ಅಪಾಯ. ಎಲೆಯಡಿಕೆಯ ಸುಣ್ಣದಲ್ಲಿ ಕಲಬೆರಕೆಯ ಭಯವಿರುವುದರಿಂದ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನೇ ತರಬೇಕು. ರಾತ್ರಿಯಲ್ಲಿ ಪಾಚಿಯ ದ್ಯುತಿಸಂಶ್ಲೇಷಣೆ ನಿಂತು ಪಿ.ಎಚ್. ತಾನಾಗಿ ಇಳಿಯುವುದರಿಂದ ಆ ಹೊತ್ತು ಪ್ರಶಸ್ತ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಜನ ಹೆಚ್ಚಾಗಿ ಕುಳಿತರೂ ಪಿ.ಎಚ್. ಇಳಿಯುತ್ತದೆ, ಆಗ ಔಷಧವಲ್ಲ, ತೆರೆದ ಕಿಟಕಿಯೇ ಚಿಕಿತ್ಸೆ.

ತೊಟ್ಟಿಗೆ ಊರಿನ ಕಲ್ಲನ್ನು ಹಾಕಬಹುದೇ? ಕುರುಗೋಡಿನ ಗುಡ್ಡದ ಕಣಶಿಲೆಯ ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ಏನೂ ಆಗದು. ಎರೆಹೊಲದಲ್ಲಿ ಸಿಗುವ ಸುಣ್ಣದ ಹರಳಿನ ಪುಡಿಯ ಮೇಲೆ ಹಿಂಡಿದರೆ ನೊರೆಯುಕ್ಕುತ್ತದೆ. ಮೊದಲನೆಯದು ನೀರಿನ ಸುಣ್ಣದ ಲೆಕ್ಕಕ್ಕೆ ಸೇರದ ಕಲ್ಲು, ಎರಡನೆಯದು ಸೇರುವ ಕಲ್ಲು. ಆದರೂ ಆ ಹರಳಿನೊಂದಿಗೆ ಮಣ್ಣು, ಗೊಬ್ಬರದ ಅಂಶಗಳು ಬೆರೆತಿರಬಹುದಾದುದರಿಂದ ಅದು ತರಗತಿಯ ಪ್ರಯೋಗಕ್ಕಷ್ಟೇ ಯೋಗ್ಯ, ತೊಟ್ಟಿಗಲ್ಲ.

ಸಂಚಯವಾಗುವ ವಿಷ

ಮೀನಿನ ವಿಸರ್ಜನೆ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟನ್ನಾಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಮೊದಲನೆಯದು ಘೋರ ವಿಷ, ಮೂರನೆಯದು ಸೌಮ್ಯ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಾಣುಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಈ ಅವಧಿಯನ್ನು ಕಾಯದೆ ಜೀವಿಗಳನ್ನು ಬಿಡುವುದು, ಅಡಿಗಲ್ಲು ಕೂರುವ ಮುನ್ನ ಮಾಳಿಗೆ ಕಟ್ಟಿದಂತೆ. ಸಮುದ್ರದಲ್ಲಿ ಮೀನು ಕೆಟ್ಟ ನೀರಿನಿಂದ ದೂರ ಈಜಬಲ್ಲದು. ತೊಟ್ಟಿಯಲ್ಲಿ ಅದಕ್ಕೆ ಹೋಗುವ ಜಾಗವಿಲ್ಲ.

ನೈಟ್ರೇಟು, ಫಾಸ್ಫೇಟುಗಳು ಉಪ್ಪಿನಂತೆಯೇ ಉಳಿದು ಬೆಳೆಯುವ ವಸ್ತುಗಳು. ಅವುಗಳಿಗೆ ತೊಟ್ಟಿಯ ಬಸಿಗಾಲುವೆಯೆಂದರೆ ನೀರಿನ ಬದಲಾವಣೆ. ನೂರಕ್ಕೆ ಹತ್ತು ಭಾಗ ನೀರನ್ನು ಬದಲಿಸಿದರೆ 50 ಮಿಲಿಗ್ರಾಂ ನೈಟ್ರೇಟು 45ಕ್ಕೆ ಇಳಿಯುತ್ತದೆ, ಅಷ್ಟೇ. ಅರ್ಧಕ್ಕಿಳಿಯಲು ಆರೇಳು ಬಾರಿ ಬದಲಿಸಬೇಕು, ಅದೂ ನಡುವೆ ಹೊಸದು ಹುಟ್ಟದಿದ್ದರೆ. ಹೊರಹಾಕುವ ಶ್ರಮಕ್ಕಿಂತ ಒಳಹಾಕುವ ಆಹಾರದ ಮಿತಿಯೇ ಸುಲಭ ಮಾರ್ಗವೆಂಬುದು ಇದರಿಂದ ಸ್ಪಷ್ಟ.

ನಿತ್ಯಕ್ರಮ

ಪ್ರತಿದಿನ ಉಷ್ಣತೆಯನ್ನೂ ನೀರಿನ ಮಟ್ಟವನ್ನೂ ನೋಡಬೇಕು. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಲವಣಾಂಶ, ಕ್ಷಾರೀಯತೆ, ನೈಟ್ರೇಟುಗಳನ್ನು ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಕ್ಯಾಲ್ಸಿಯಂ ಮೆಗ್ನೀಸಿಯಂಗಳನ್ನು ಹದಿನೈದು ದಿನಕ್ಕೊಮ್ಮೆ ಅಳೆದರೆ ಸಾಕು. ಅಳೆಯಲಾಗದ ವಸ್ತುವನ್ನು ನೀರಿಗೆ ಹಾಕಬಾರದು. ಒಂದು ಸಲಕ್ಕೆ ಒಂದನ್ನೇ ತಿದ್ದಬೇಕು. ಕ್ಷಾರೀಯತೆಯನ್ನು ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರಿಸಬಾರದು. ಅಳತೆ ಅನಿರೀಕ್ಷಿತವಾಗಿ ಬಂದರೆ ನೀರನ್ನು ತಿದ್ದುವ ಮೊದಲು ಅಳತೆಯನ್ನೇ ಇನ್ನೊಮ್ಮೆ ಮಾಡಬೇಕು. ವಿದ್ಯುತ್ತು ನಿಂತಾಗ ನೀರಿನ ಚಲನೆ ನಿಂತು ಪ್ರಾಣವಾಯು ಕುಗ್ಗುವುದರಿಂದ, ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಮನೆಯಲ್ಲಿರಬೇಕು.

ಈ ಎಲ್ಲ ಅಂಕಿಗಳಿಗಿಂತ ಮಿಗಿಲಾದುದು ಸ್ಥೈರ್ಯ. ಕ್ಷಾರೀಯತೆ 8 ಇದ್ದರೂ ಬಾಳುವ, 9 ಇದ್ದರೂ ಬಾಳುವ ಜೀವಿ, ಇಂದು 7 ನಾಳೆ 10 ಆದರೆ ಬಾಳದು. ಆದರ್ಶದ ಅಂಕಿಯನ್ನು ಬೆನ್ನಟ್ಟಿ ದಿನಕ್ಕೊಂದು ಔಷಧ ಸುರಿಯುವವನಿಗಿಂತ, ಸಾಧಾರಣ ಅಂಕಿಯನ್ನು ಕದಲದಂತೆ ಕಾಯುವವನ ತೊಟ್ಟಿಯೇ ಚೆನ್ನಾಗಿರುತ್ತದೆ.

ಉಪಸಂಹಾರ

ನಮ್ಮ ಶಾಲೆಗಳಿಗೆ ಸಮುದ್ರದ ತೊಟ್ಟಿ ಅನಿವಾರ್ಯವೆಂದು ಈ ಲೇಖನದ ಅಭಿಪ್ರಾಯವಲ್ಲ. ಎರಡು ಗಾಜಿನ ಪಾತ್ರೆ, ಒಂದಿಷ್ಟು ಉಪ್ಪು, ಒಂದು ತಕ್ಕಡಿ, ಬಳ್ಳಾರಿಯ ಬಿಸಿಲು ಇಷ್ಟಿದ್ದರೂ 'ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ' ಎಂಬ ಪಾಠವನ್ನು ಮಕ್ಕಳು ತಾವೇ ತೂಗಿ ಅರಿಯಬಹುದು. ಅದರ ಮರುದಿನ ಅವರವರ ಊರಿನ ಕೊಳವೆಬಾವಿಯ ನೀರನ್ನೂ ಹೊಲದ ಮಣ್ಣನ್ನೂ ತರಿಸಿ ಪರೀಕ್ಷಿಸಿದರೆ ಪಾಠವು ಪಠ್ಯದಿಂದ ಮನೆಗೆ ನಡೆಯುತ್ತದೆ. ದಾನಿಗಳು ಕಟ್ಟಡಗಳಿಗೆ ಕೊಡುವ ಔದಾರ್ಯದಲ್ಲಿ ಒಂದಂಶವನ್ನು ನೀರು-ಮಣ್ಣಿನ ಪರೀಕ್ಷೆಯ ಸಣ್ಣ ಸಲಕರಣೆಗಳಿಗೂ ಮೀಸಲಿಟ್ಟರೆ ಅದು ವ್ಯರ್ಥವಾಗದು. ಎರೆಭೂಮಿಯ ಒಕ್ಕಲುಮಕ್ಕಳು ಲವಣದ ಲೆಕ್ಕವನ್ನು ಎಳವೆಯಲ್ಲಿಯೇ ಕಲಿತರೆ, ಅವರ ಕೈಗೆ ಬರುವ ಹೊಲ ಅವರ ಮಕ್ಕಳ ಕೈಗೂ ಹೊಲವಾಗಿಯೇ ಹೋದೀತು.